ಹಳೆಯ ಗಣಕಯಂತ್ರದ ಅವಧಾನ

ಅಷ್ಟಾವಧಾನದ ಸಭೆಯನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯನ್ನು ಒಡ್ಡುತ್ತಾರೆ. ಮತ್ತೊಬ್ಬರು ದತ್ತಪದಿಯನ್ನು ಕೊಡುತ್ತಾರೆ. ಇನ್ನೊಬ್ಬರು ನಿಷೇಧಾಕ್ಷರಿಯಿಂದ ಕಾಡುತ್ತಾರೆ. ಎಂಟನ್ನೂ ಆತ ಒಟ್ಟಿಗೆ ನಿರ್ವಹಿಸಿದನೆಂದು ನಾವು ಬೆರಗಾಗುತ್ತೇವೆ. ವಾಸ್ತವವಾಗಿ ಯಾವ ಕ್ಷಣದಲ್ಲಿಯೂ ಆತ ಎರಡನ್ನು ಮಾಡುತ್ತಿರುವುದಿಲ್ಲ. ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ಅಲ್ಲಿಗೇ ಬಿಟ್ಟು, ಮುಂದಿನವರ ಕಡೆಗೆ ತಿರುಗುತ್ತಾನೆ. ಸುತ್ತು ಮುಗಿದು ಮರಳಿ ಬಂದಾಗ ಬಿಟ್ಟಲ್ಲಿಂದಲೇ ಎರಡನೆಯ ಪಾದವನ್ನು ಎತ್ತಿಕೊಳ್ಳುತ್ತಾನೆ. ಎಲ್ಲಿ ಬಿಟ್ಟೆನೆಂಬುದನ್ನು ಮರೆಯದಿರುವ ಧಾರಣೆಯೇ ಇಲ್ಲಿ ಮುಖ್ಯ.

ಗಣಕಯಂತ್ರವು ಏಕಕಾಲದಲ್ಲಿ ಹಲವು ಕೆಲಸಗಳನ್ನು ನಡೆಸುವುದೂ ಇಂಥ ಅವಧಾನವೇ. ಈ ಸರದಿಯನ್ನು ನೋಡಿಕೊಳ್ಳುವ ಮೇಲ್ವಿಚಾರಕ ಪ್ರೋಗ್ರಾಮಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇಂದಿನ ಯಂತ್ರಗಳಲ್ಲಿ ಸ್ಮೃತಿಯೂ ವೇಗವೂ ಯಥೇಚ್ಛವಾಗಿರುವುದರಿಂದ ಈ ಮೇಲ್ವಿಚಾರಣೆಯ ಕಷ್ಟಸುಖಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವನ್ನು ಬಿಚ್ಚಿ ನೋಡಬೇಕಾದರೆ 1980ರ ದಶಕದಲ್ಲಿ ಮನೆಮನೆಗಳಿಗೆ ಬಂದ ಪುಟ್ಟ ಗಣಕಗಳತ್ತ ಹೋಗಬೇಕು. ಒಂದು ಬಾರಿಗೆ ಒಂದೇ ಕೆಲಸವೆಂಬ ನಿಯಮದಿಂದ ಹುಟ್ಟಿದ ಆ ಯಂತ್ರಗಳಿಗೆ ಅವಧಾನವನ್ನು ಕಲಿಸುವ ಕಾರ್ಯದಲ್ಲಿ ಹಲವು ದೇಶಗಳ ಉತ್ಸಾಹಿಗಳು ತೊಡಗಿದ್ದಾರೆ.

ಉದಾಹರಣೆಗೆ, 1982ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಕಮೊಡೋರ್ 64 ಎಂಬ ಯಂತ್ರವನ್ನು ತೆಗೆದುಕೊಳ್ಳೋಣ. ಅದರ ಸ್ಮೃತಿ 64 ಕಿಲೋಬೈಟು. ಗಡಿಯಾರದ ಮಿಡಿತ ಸೆಕೆಂಡಿಗೆ ಸುಮಾರು ಹತ್ತು ಲಕ್ಷ. ಅದರ ಪ್ರೊಸೆಸರು 1975ರ ಪ್ರಖ್ಯಾತ 6502ರ ತಮ್ಮನೆನ್ನಬಹುದಾದ 6510. (ಭಾರತದ ಕೆಲವು ಶಾಲೆಗಳಿಗೆ 1984-85ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯ ಮೂಲಕ ಬಂದ ಬಿಬಿಸಿ ಮೈಕ್ರೋ ಗಣಕದ ಒಳಗೆ ಇದ್ದುದೂ 6502 ಪ್ರೊಸೆಸರೇ. ನಡುವಯಸ್ಸಿನ ಓದುಗರಲ್ಲಿ ಕೆಲವರಾದರೂ ಅದರ ಕೀಲಿಮಣೆಯನ್ನು ಮುಟ್ಟಿರಬಹುದು.) ಈ ಪ್ರೊಸೆಸರಿನಲ್ಲಿ ಲೆಕ್ಕಕ್ಕೆ ಬಳಸುವ ರಿಜಿಸ್ಟರುಗಳು, ಅಂದರೆ ಕೈಗೆ ಎಟುಕುವ ಚಿಕ್ಕ ಗೂಡುಗಳು, ಮೂರೇ ಮೂರು, ಒಂದೊಂದರಲ್ಲಿಯೂ ಒಂದೊಂದು ಬೈಟು.

ಅವಧಾನಕ್ಕೆ ಬೇಕಾದ ಒಂದು ಸಾಧನ ಮಾತ್ರ ಆ ಯಂತ್ರದಲ್ಲಿ ಸಿದ್ಧವಾಗಿಯೇ ಇತ್ತು. ಸೆಕೆಂಡಿಗೆ ಸುಮಾರು 60 ಸಲ ಒಂದು ಗಂಟೆ ಬಾರಿಸುತ್ತದೆ; ಇದಕ್ಕೆ ಇಂಟರಪ್ಟ್ ಎಂದು ಹೆಸರು. ಗಂಟೆ ಕೇಳಿದೊಡನೆ ಪ್ರೊಸೆಸರು ಕೈಯಲ್ಲಿರುವ ಆದೇಶವನ್ನು ಮುಗಿಸಿ, ತಾನು ಎಲ್ಲಿದ್ದೆನೆಂಬುದನ್ನು ಬರೆದಿಟ್ಟು, ಬೇರೊಂದು ಕಡೆಗೆ ಹೋಗುತ್ತದೆ. ತಯಾರಕರು ಇದನ್ನು ಬಳಸಿದ್ದು ಕೀಲಿಮಣೆಯನ್ನು ನೋಡಿ ಬರಲು, ತೆರೆಯ ಮೇಲಿನ ಸೂಚಕವನ್ನು ಮಿಟುಕಿಸಲು, ಸಮಯವನ್ನು ಎಣಿಸಲು. ಆಪರೇಟಿಂಗ್ ಸಿಸ್ಟಮನ್ನು ಬರೆಯುವವನು ಇದಕ್ಕೆ ಇನ್ನೊಂದು ಕಾರ್ಯವನ್ನು ಸೇರಿಸುತ್ತಾನೆ: ಬಿಟ್ಟುಬಂದ ಕೆಲಸಕ್ಕೆ ಹಿಂದಿರುಗುವ ಬದಲು ಸರದಿಯಲ್ಲಿರುವ ಮುಂದಿನ ಕೆಲಸಕ್ಕೆ ಹೋಗು ಎಂದು.

ಹೇಳುವುದಕ್ಕೆ ಇಷ್ಟೇ. ತೊಡಕು ಇರುವುದು ‘ಬರೆದಿಟ್ಟು’ ಎಂಬ ಮಾತಿನಲ್ಲಿ.

ಪ್ರೊಸೆಸರು ತನ್ನ ಗುರುತುಗಳನ್ನು ಬರೆದಿಡುವ ಜಾಗಕ್ಕೆ ಸ್ಟ್ಯಾಕ್ ಎಂದು ಹೆಸರು. ಕನ್ನಡದಲ್ಲಿ ಅಟ್ಟಿ ಎನ್ನೋಣ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. 6502ರಲ್ಲಿ ಈ ಅಟ್ಟಿಗೆ 256 ಬೈಟುಗಳ ಒಂದೇ ಜಾಗ. ಅದನ್ನು ಬೇರೆಡೆಗೆ ಸರಿಸುವ ಉಪಾಯವಿಲ್ಲ. ಎಂಟು ಕೆಲಸಗಳಿದ್ದರೂ ಅವೆಲ್ಲಕ್ಕೂ ಇದೊಂದೇ ಗತಿ. ಹಾಗಾದರೆ ಸರದಿ ಬದಲಾದಾಗಲೆಲ್ಲ ಹಳೆಯ ಕೆಲಸದ ಅಟ್ಟಿಯನ್ನು ಬೇರೆಡೆಗೆ ನಕಲು ಮಾಡಿ, ಹೊಸ ಕೆಲಸದ ಅಟ್ಟಿಯನ್ನು ತಂದಿಟ್ಟರೆ ಹೇಗೆ? ಲೆಕ್ಕ ಹಾಕಿ ನೋಡೋಣ. ಒಂದು ಬೈಟನ್ನು ಎತ್ತಿ, ಇನ್ನೊಂದೆಡೆ ಇಟ್ಟು, ಎಣಿಕೆಯನ್ನು ಒಂದು ಹೆಚ್ಚಿಸಿ, ಮತ್ತೆ ಮೊದಲಿಗೆ ಬರಲು 4+5+2+3, ಅಂದರೆ 14 ಮಿಡಿತಗಳು ಬೇಕು. 256 ಬೈಟುಗಳಿಗೆ ಸುಮಾರು 3,600. ಇಡುವುದಕ್ಕೂ ತರುವುದಕ್ಕೂ ಸೇರಿ ಸುಮಾರು 7,200. ಎರಡು ಗಂಟೆಗಳ ನಡುವೆ ದೊರೆಯುವುದಾದರೋ ಸುಮಾರು 16,700 ಮಿಡಿತಗಳು. ಹಾಗಾದರೆ ನೂರಕ್ಕೆ 43 ಭಾಗದ ಹೊತ್ತು ಸಾಮಾನು ಸಾಗಿಸುವುದರಲ್ಲಿಯೇ ಕಳೆದುಹೋಯಿತು! ತುಂಬಿರುವಷ್ಟನ್ನು ಮಾತ್ರ ನಕಲು ಮಾಡಿದರೆ ವೆಚ್ಚ ತಗ್ಗುತ್ತದೆ, ನಿಜ. ಆದರೆ ಅದು ಎಷ್ಟೆಂದು ಮುಂಗಡವಾಗಿ ಹೇಳುವಂತಿಲ್ಲ.

ಎರಡನೆಯ ಮಾರ್ಗ ಪಾಲುಪಟ್ಟಿ. 256 ಬೈಟುಗಳನ್ನು ಎಂಟು ಕೆಲಸಗಳಿಗೆ 32ರಂತೆ ಹಂಚಬಹುದು. ನಕಲಿನ ಗೊಡವೆಯೇ ಇಲ್ಲ. ಗಂಟೆ ಬಾರಿಸಿದಾಗ ಬರೆದಿಡಬೇಕಾದ ಗುರುತುಗಳಿಗೆ 6 ಬೈಟು ಹೋದರೆ ಉಳಿಯುವುದು 26. ಒಂದು ಉಪಕಾರ್ಯವನ್ನು ಕರೆದಾಗಲೆಲ್ಲ 2 ಬೈಟು ಬೇಕಾಗುವುದರಿಂದ, ಒಂದರೊಳಗೊಂದರಂತೆ ಹದಿಮೂರು ಕರೆಗಳಿಗೆ ಅವಕಾಶ ದೊರೆಯಿತು. ಹದಿನಾಲ್ಕನೆಯದಕ್ಕೆ ಹೋದವನು ನೆರೆಯವನ ಪಾಲಿಗೆ ಕಾಲಿಟ್ಟಂತೆಯೇ. ಆಗ ಯಂತ್ರವು ಎಚ್ಚರಿಕೆ ಕೊಡುವುದಿಲ್ಲ. ಬೇಲಿಯೇ ಇಲ್ಲದ ಹೊಲವಿದು. ಅತಿಕ್ರಮಿಸಿದವನು ಸುಖವಾಗಿ ಮುಂದುವರಿಯುತ್ತಾನೆ, ನೆರೆಯವನು ತನ್ನ ಸರದಿ ಬಂದಾಗ ದಾರಿ ತಪ್ಪಿ ಬೀಳುತ್ತಾನೆ. ಇದನ್ನು ಪರೀಕ್ಷಿಸುವ ಸರಳ ವಿಧಾನವೊಂದಿದೆ. ಆರಂಭದಲ್ಲಿ ಅಟ್ಟಿಯ ಎಲ್ಲ ಬೈಟುಗಳಲ್ಲಿಯೂ ಒಂದೇ ಗುರುತಿನ ಅಂಕಿಯನ್ನು ತುಂಬುವುದು. ಕೆಲಸಗಳನ್ನು ಬಹುಕಾಲ ಓಡಿಸುವುದು. ಬಳಿಕ ಆ ಗುರುತು ಎಲ್ಲಿಯವರೆಗೆ ಅಳಿಸಿಹೋಗಿದೆಯೆಂದು ನೋಡುವುದು. ಹೊಳೆ ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆಯಿಂದ ನೆರೆಯ ಮಟ್ಟವನ್ನು ತಿಳಿಯುವಂತೆ.

ಬೇರೆ ಬಗೆಯ ಪರಿಹಾರಗಳೂ ಇವೆ. 1976ರ ಜೈಲಾಗ್ ಕಂಪನಿಯ ಜೆಡ್80 ಪ್ರೊಸೆಸರಿನಲ್ಲಿ ಅಟ್ಟಿಯನ್ನು ಸ್ಮೃತಿಯ ಯಾವ ಮೂಲೆಯಲ್ಲಾದರೂ ಇರಿಸಬಹುದು. ಕೆಲಸ ಬದಲಿಸುವಾಗ ಅಟ್ಟಿಯ ವಿಳಾಸವನ್ನು ಬದಲಿಸಿದರಾಯಿತು, ಅಟ್ಟಿಯನ್ನೇ ಹೊತ್ತು ತರಬೇಕಾಗಿಲ್ಲ. ಜರ್ಮನಿಯಲ್ಲಿ ರೂಪುಗೊಂಡ ಸಿಂಬಾಸ್ ಎಂಬ ವ್ಯವಸ್ಥೆಯು ಆಮ್‌ಸ್ಟ್ರಾಡ್ ಸಿಪಿಸಿ, ಎಂಎಸ್ಎಕ್ಸ್ ಮೊದಲಾದ ಜೆಡ್80 ಗಣಕಗಳ ಮೇಲೆ ಕಿಟಕಿಗಳನ್ನು ತೆರೆದು ಹಲವು ಕೆಲಸಗಳನ್ನು ಸರದಿಯಲ್ಲಿ ಓಡಿಸುತ್ತದೆ. 6502ರ ಬಡತನವನ್ನು ಒಪ್ಪಿಕೊಂಡೇ ಹೊರಟವರೂ ಉಂಟು. ಸ್ವೀಡನ್ನಿನ ಆಡಮ್ ಡಂಕೆಲ್ಸ್ 2003ರಲ್ಲಿ ಹೊರತಂದ ಕೊಂಟಿಕಿ ವ್ಯವಸ್ಥೆಯಲ್ಲಿ ಕೆಲಸಗಳು ತಾವಾಗಿಯೇ ಬಿಡುವು ಕೊಟ್ಟು ಸರಿಯುತ್ತವೆ. ಮುಂದೆ ಅದಕ್ಕೆ ಸೇರಿದ ಪ್ರೊಟೊಥ್ರೆಡ್ ಎಂಬ ಏರ್ಪಾಟಿನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಅಟ್ಟಿಯೇ ಬೇಡ; ‘ಇಲ್ಲಿಗೆ ಬಿಟ್ಟಿದ್ದೇನೆ’ ಎಂಬುದನ್ನು ನೆನಪಿಡಲು ಎರಡು ಬೈಟು ಸಾಕು. ಕಮೊಡೋರ್ 64ರ ಮೇಲೂ ಓಡಿದ ಈ ವ್ಯವಸ್ಥೆಯು ಮುಂದೆ ಬ್ಯಾಟರಿಯ ಮೇಲೆ ನಡೆಯುವ ಅತಿ ಚಿಕ್ಕ ನಿಸ್ತಂತು ಸಂವೇದಕಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು. ಅವುಗಳಿಗೂ ಸ್ಮೃತಿ ಅಷ್ಟೇ ಕಡಿಮೆಯಷ್ಟೆ! ಆದರೆ ಸ್ವಯಂಪ್ರೇರಿತ ಬಿಡುವಿನಲ್ಲಿ ಒಂದು ದೋಷವುಂಟು. ಒಂದು ಕೆಲಸವು ಹಟ ಹಿಡಿದು ಕುಳಿತರೆ ಉಳಿದವೆಲ್ಲ ಬಾಯಿ ಮುಚ್ಚಿ ಕಾಯಬೇಕು.

ಗಂಟೆ ಬಾರಿಸಿ ಎಬ್ಬಿಸುವ ವ್ಯವಸ್ಥೆಯಲ್ಲಿ ಹಟಮಾರಿಗಳಿಗೆ ಎಡೆಯಿಲ್ಲ. ಅಲ್ಲಿ ಬೇರೊಂದು ಅಪಾಯ. ಎರಡು ಬೈಟುಗಳಲ್ಲಿ ಇರಿಸಿದ ಒಂದು ಎಣಿಕೆಯನ್ನು ಊಹಿಸಿಕೊಳ್ಳಿ. ಕೆಳಗಿನ ಬೈಟು 255ರವರೆಗೆ ಏರಿ ಮತ್ತೆ ಸೊನ್ನೆಗೆ ಬರುತ್ತದೆ. ಆಗ ಮೇಲಿನ ಬೈಟಿಗೆ ಒಂದನ್ನು ಕೂಡಿಸಬೇಕು. ಕೆಳಗಿನದು ಸೊನ್ನೆಯಾಗಿ, ಮೇಲಿನದು ಇನ್ನೂ ಬದಲಾಗದಿರುವ ಸಂಧಿಕಾಲದಲ್ಲಿಯೇ ಗಂಟೆ ಬಾರಿಸಿತೆನ್ನಿ. ಆ ಸರದಿಯಲ್ಲಿ ಎಣಿಕೆಯನ್ನು ಓದುವ ಬೇರೊಂದು ಕೆಲಸಕ್ಕೆ 256ರ ಬದಲು ಸೊನ್ನೆ ಕಾಣುತ್ತದೆ. ಆ ಎಣಿಕೆಯು ತಟ್ಟೆಯ ಮೇಲೆ ಬರೆಯುತ್ತಿರುವ ಕಡತದಲ್ಲಿನ ಸ್ಥಾನವಾಗಿದ್ದರೆ, ಹೊಸ ಅಕ್ಷರಗಳು ಕಡತದ ತುದಿಗೆ ಸೇರುವ ಬದಲು ಅದರ ತಲೆಯ ಮೇಲೆ ಬಿದ್ದು ಬರೆದದ್ದನ್ನು ಅಳಿಸುತ್ತವೆ. ಒಬ್ಬರ ದಿನದ ದುಡಿಮೆ ಹೋಯಿತು.

ಇದು ಎಷ್ಟು ಅಪರೂಪ? ಅಪಾಯದ ಕಿಂಡಿ ತೆರೆದಿರುವುದು 8 ಮಿಡಿತಗಳ ಕಾಲ. 16,700 ಮಿಡಿತಗಳಿಗೊಮ್ಮೆ ಬಾರಿಸುವ ಗಂಟೆಯು ಅದರೊಳಗೇ ಬೀಳುವ ಸಂಭವ ಸುಮಾರು ಎರಡು ಸಾವಿರದಲ್ಲಿ ಒಂದು. ಕಿಂಡಿ ತೆರೆಯುವುದೇ 256 ಸಲಕ್ಕೊಮ್ಮೆ. ಗುಣಿಸಿದರೆ ಐದು ಲಕ್ಷಕ್ಕೂ ಮಿಕ್ಕಿದ ಏರಿಕೆಗಳಲ್ಲಿ ಒಂದು ಸಲ. ಸೆಕೆಂಡಿಗೆ ಹತ್ತು ಸಲ ಎಣಿಕೆ ಏರಿದರೆ ಸರಾಸರಿ ಹದಿನೈದು ಗಂಟೆಗಳಿಗೊಮ್ಮೆ. ಒಂದು ಮಧ್ಯಾಹ್ನವೆಲ್ಲ ಓಡಿಸಿ ‘ಸರಿಯಾಗಿದೆ’ ಎಂದು ತೀರ್ಮಾನಿಸಿದವನಿಗೆ ಈ ದೋಷವು ಕಾಣಿಸದೆಯೇ ಹೋಗಬಹುದು. ಪ್ರಯೋಗಶಾಲೆಯಲ್ಲಿ ಮರುಕಳಿಸದ ವಿದ್ಯಮಾನವನ್ನು ಪರಿಶೀಲಿಸುವುದು ಎಷ್ಟು ಕಷ್ಟವೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು. ಪರಿಹಾರವೇನೋ ಸುಲಭ: ಎರಡು ಬೈಟುಗಳೂ ಬದಲಾಗುವವರೆಗೆ ಗಂಟೆಯನ್ನು ಕೇಳಬೇಡವೆಂದು ಪ್ರೊಸೆಸರಿಗೆ ಹೇಳುವ ಆದೇಶವೊಂದಿದೆ. ಆದರೆ ಅದನ್ನು ಎಲ್ಲೆಲ್ಲಿ ಹಾಕಬೇಕೆಂದು ಕಂಡುಹಿಡಿಯುವುದೇ ಕೆಲಸ.

ಇಲ್ಲಿಯೇ ನಮ್ಮ ಕಾಲದವರಿಗೆ ಹಿಂದಿನವರಿಗಿಲ್ಲದ ಅನುಕೂಲವಿರುವುದು. ಹಳೆಯ ಯಂತ್ರದ ನಡವಳಿಕೆಯನ್ನು ಮಿಡಿತ ಮಿಡಿತಕ್ಕೂ ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಮುಗಳು ಇಂದು ಇವೆ. ಕಮೊಡೋರ್ 64ಕ್ಕೆ ವೈಸ್ ಎಂಬುದು ಸುಪರಿಚಿತ. ಇದರಲ್ಲಿ ಯಂತ್ರದ ಸ್ಥಿತಿಯನ್ನು ಯಾವ ಕ್ಷಣದಲ್ಲಿಯಾದರೂ ಇಡಿಯಾಗಿ ಉಳಿಸಿಕೊಂಡು ಮತ್ತೆ ಅಲ್ಲಿಂದಲೇ ಆರಂಭಿಸಬಹುದು. ಆದ್ದರಿಂದ ಆಕಸ್ಮಿಕಕ್ಕಾಗಿ ಹದಿನೈದು ಗಂಟೆ ಕಾಯಬೇಕಾಗಿಲ್ಲ. ಸಂಶಯವಿರುವ ಭಾಗವನ್ನು ಆರಿಸಿಕೊಂಡು, ಗಂಟೆಯನ್ನು ಮೊದಲ ಮಿಡಿತದಲ್ಲಿ ಬಾರಿಸಿ ಫಲವನ್ನು ನೋಡುವುದು, ಹಿಂದಕ್ಕೆ ಬಂದು ಎರಡನೆಯ ಮಿಡಿತದಲ್ಲಿ ಬಾರಿಸುವುದು, ಹೀಗೆಯೇ ಕೊನೆಯವರೆಗೆ. ಎಲ್ಲ ಸಲವೂ ಉತ್ತರ ಒಂದೇ ಬಂದರೆ ಆ ಭಾಗವು ಭದ್ರವೆನ್ನಬಹುದು. ನಮ್ಮ ಅಭಿಪ್ರಾಯದಲ್ಲಿ ಈ ಹವ್ಯಾಸದ ಅತ್ಯಂತ ಬೆಲೆಯುಳ್ಳ ಭಾಗ ಇದೇ, ಕಿಟಕಿಗಳ ಅಂದಚಂದವಲ್ಲ.

ಆದರೂ ನಿಜವಾದ ಯಂತ್ರದ ಮುಂದೆ ಕುಳಿತುಕೊಳ್ಳದೆ ಗತ್ಯಂತರವಿಲ್ಲ. ಕಮೊಡೋರ್ 64ರಲ್ಲಿ ಚಿತ್ರವನ್ನು ಬಿಡಿಸುವ ಚಿಪ್ಪು ತೆರೆಯ ಪ್ರತಿ ಎಂಟು ಗೆರೆಗಳಿಗೊಮ್ಮೆ ಸುಮಾರು 40 ಮಿಡಿತಗಳನ್ನು ಪ್ರೊಸೆಸರಿನಿಂದ ಕಸಿದುಕೊಳ್ಳುತ್ತದೆ. ಒಟ್ಟಿನಲ್ಲಿ ನೂರಕ್ಕೆ ಐದಾರು ಭಾಗವೇ ಆದರೂ ಅದು ಬರುವ ಹೊತ್ತು ಮುಖ್ಯ. ಒಳ್ಳೆಯ ಎಮ್ಯುಲೇಟರು ಇದನ್ನೂ ಅನುಕರಿಸುತ್ತದೆ. ನಲವತ್ತು ವರ್ಷಗಳಲ್ಲಿ ಸವೆದ ಡಿಸ್ಕ್ ಡ್ರೈವಿನ ಗಾಲಿಯನ್ನೋ ತುಕ್ಕು ಹಿಡಿದ ಸಂಪರ್ಕವನ್ನೋ ಅನುಕರಿಸುವುದಿಲ್ಲ.

ಡಿಸ್ಕ್ ಡ್ರೈವಂತೂ ಬಹುಕಾರ್ಯಕ್ಕೆ ದೊಡ್ಡ ಕಂಟಕ. 1541 ಎಂಬ ಆ ಡ್ರೈವು ಸೆಕೆಂಡಿಗೆ ಸುಮಾರು 400 ಬೈಟುಗಳನ್ನು ಕಳಿಸುತ್ತದೆ. 20 ಕಿಲೋಬೈಟಿನ ಕಡತಕ್ಕೆ ಒಂದು ನಿಮಿಷದಷ್ಟು ಹೊತ್ತು ಬೇಕು. ಒಂದೊಂದು ಬೈಟು ದಾಟುವಾಗಲೂ ಯಂತ್ರದೊಳಗಿನ ಮೂಲ ಪ್ರೋಗ್ರಾಮು ಗಂಟೆಗೆ ಕಿವಿ ಮುಚ್ಚಿಕೊಳ್ಳುತ್ತದೆ. ಈ ಕಾರಣದಿಂದಲೇ ಡಿಸ್ಕಿನ ಕೆಲಸ ನಡೆಯುವಾಗ ಯಂತ್ರದ ಗಡಿಯಾರ ಹಿಂದೆ ಬೀಳುತ್ತದೆ, ಉಳಿದ ಕೆಲಸಗಳು ಮುಗ್ಗರಿಸುತ್ತವೆ. ಒಂದು ಬೈಟಿಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಸರದಿಯನ್ನು ತೂರಿಸಬೇಕು. ಅಷ್ಟರಲ್ಲಿ ಎರಡನೆಯ ಕೆಲಸವೊಂದು ತನಗೂ ಡಿಸ್ಕ್ ಬೇಕೆಂದು ಬಂದರೆ ಮೊದಲನೆಯದು ಮುಗಿಯುವವರೆಗೆ ಅದನ್ನು ಬಾಗಿಲಲ್ಲಿ ನಿಲ್ಲಿಸಬೇಕು. ಆದಕಾರಣ ಕೊನೆಯ ಪರೀಕ್ಷೆ ಹೀಗಿರುವುದು ಯುಕ್ತ: ಒಂದು ಕೆಲಸವು ಡಿಸ್ಕಿಗೆ ಕಡತವೊಂದನ್ನು ಬರೆಯುತ್ತಿರಲಿ, ಇನ್ನೊಂದು ತೆರೆಯನ್ನು ತುಂಬುತ್ತಿರಲಿ, ಮೂರನೆಯದು ಕೀಲಿಮಣೆಯನ್ನು ಆಲಿಸುತ್ತಿರಲಿ. ಬರೆದ ಕಡತವನ್ನು ಮರಳಿ ಓದಿ ಮೂಲದೊಡನೆ ಬೈಟು ಬೈಟಾಗಿ ಹೋಲಿಸಿ, ಅಳಿಸಿ, ಮತ್ತೆ ಬರೆಯಬೇಕು. ಹಗಲಿರುಳೂ ಹೀಗೆ ಓಡಿಸಿ, ಬೆಳಗ್ಗೆ ಬಂದು ನೋಡಿದಾಗ ತೆರೆಯ ಮೂಲೆಯಲ್ಲಿ ದೋಷಗಳ ಲೆಕ್ಕ ಸೊನ್ನೆಯೇ ಇದ್ದರೆ, ಇನ್ನೊಂದು ಡ್ರೈವನ್ನು ತಂದು ಜೋಡಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು.