ಮ್ಯಾಕ್ರೊ ಕೈಕೊಟ್ಟರೆ ಪ್ಯಾಚ್ ಸಾಕೇ, ಹೊಸ ಆವೃತ್ತಿ ಬೇಕೇ?

2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋದವು. ಪ್ರಯೋಗಾಲಯಗಳು ಕಳಿಸಿದ ಮಾಹಿತಿಯನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಎಕ್ಸೆಲ್ ಫೈಲ್‌ಗಳಿಗೆ ತುಂಬಿಸುತ್ತಿತ್ತು. ಆ ಮಾದರಿಯ ಒಂದು ಹಾಳೆಗೆ 65,536 ಸಾಲುಗಳೇ ಗಡಿ. ಗಡಿ ದಾಟಿದ ಸಾಲುಗಳು ಹಾಳೆ ಸೇರಲೇ ಇಲ್ಲ. 10,48,576 ಸಾಲು ಹಿಡಿಸುವ ಹೊಸ ಮಾದರಿ ಎಕ್ಸೆಲ್ 2007ರ ಜೊತೆಗೇ ಬಂದಿತ್ತು. ಹಳೆಯ ಮಾದರಿಗೆ ಎಷ್ಟು ಪ್ಯಾಚ್, ಅಂದರೆ ಸಣ್ಣ ತಿದ್ದುಪಡಿ, ಹಾಕಿದರೂ ಆ ಗಡಿ ಸರಿಯುತ್ತಿರಲಿಲ್ಲ.

ಹಾಗೆಂದು ಎಲ್ಲ ತೊಂದರೆಗೂ ಹೊಸ ಆವೃತ್ತಿಯೇ ಮದ್ದಲ್ಲ. ದೋಷ ಎಲ್ಲಿದೆ ಎಂಬುದನ್ನು ಮೊದಲು ಹುಡುಕಬೇಕು.

ಎಕ್ಸೆಲ್‌ಗೆ ವಿಬಿಎ ಭಾಷೆ ಬಂದದ್ದು 1993ರಲ್ಲಿ. ಅದರಲ್ಲಿ ಬರೆದ ಮ್ಯಾಕ್ರೊ, ಅಂದರೆ ಹಾಳೆಯ ಕೆಲಸವನ್ನು ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ, ಒಂಟಿಯಾಗಿ ಓಡುವುದಿಲ್ಲ. ಎಕ್ಸೆಲ್, ವಿಂಡೋಸ್, ಇತರ ಲೈಬ್ರರಿಗಳು ಎಲ್ಲವೂ ಅದಕ್ಕೆ ಹೆಗಲು ಕೊಡಬೇಕು. ಆದ್ದರಿಂದ ದೋಷ ಮೂರು ಕಡೆ ಇರಬಹುದು.

ಮೊದಲನೆಯದು, ಮ್ಯಾಕ್ರೊದ ಒಳಗೇ. ಸಾಲು ಎಣಿಸಲು 'ಇಂಟಿಜರ್' ಎಂಬ ಸಂಖ್ಯೆಯ ಬಗೆ ಬಳಸಿದ್ದರೆ ಎಣಿಕೆ 32,767ಕ್ಕೆ ನಿಲ್ಲುತ್ತದೆ, ಮುಂದಿನ ಸಾಲಿಗೆ 'ಓವರ್‌ಫ್ಲೋ' ದೋಷ ಬರುತ್ತದೆ. ಅಲ್ಲಿ 'ಲಾಂಗ್' ಎಂದು ತಿದ್ದಿದರೆ ಸಾಕು. ಹಾಗೆಯೇ ವಿಬಿಎ ಎಡಿಟರ್‌ನಲ್ಲಿ ಯೂನಿಕೋಡ್ ಕನ್ನಡವನ್ನು ನೇರ ಬರೆದರೆ ಪ್ರಶ್ನೆ ಚಿಹ್ನೆಗಳಾಗುತ್ತವೆ. ಕನ್ನಡ ಪಠ್ಯವನ್ನು ಹಾಳೆಯ ಒಂದು ಸೆಲ್‌ನಲ್ಲಿಟ್ಟು ಮ್ಯಾಕ್ರೊದಿಂದ ಓದಿಸುವುದು ಸುಲಭ ದಾರಿ. ಇಂಥ ಕಡೆ ಪ್ಯಾಚೂ ಬೇಡ, ಹೊಸ ಆವೃತ್ತಿಯೂ ಬೇಡ.

ಎರಡನೆಯದು, ಪ್ಯಾಚೇ ತಂದ ದೋಷ. 2014ರ ಡಿಸೆಂಬರ್‌ನ ಭದ್ರತಾ ಪ್ಯಾಚ್ ಬಂದ ಮೇಲೆ ಎಷ್ಟೋ ಹಾಳೆಗಳ ಆಕ್ಟಿವ್‌ಎಕ್ಸ್ ಬಟನ್‌ಗಳು ಒತ್ತಿದರೂ ಅಲುಗಾಡಲಿಲ್ಲ. ಇಎಕ್ಸ್‌ಡಿ ಎಂಬ ತಾತ್ಕಾಲಿಕ ಫೈಲ್‌ಗಳನ್ನು ಅಳಿಸಿದಾಗ ಸರಿಹೋದವು. 2019ರ ಆಗಸ್ಟ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಒಂದರಿಂದ ಕೆಲವು ಮ್ಯಾಕ್ರೊಗಳು ನಿಂತವು. ಕೆಲವೇ ದಿನಗಳಲ್ಲಿ ಬಂದ ಮತ್ತೊಂದು ಅಪ್‌ಡೇಟ್ ಅದನ್ನು ತಿದ್ದಿತು. ನಿನ್ನೆವರೆಗೆ ಓಡುತ್ತಿದ್ದದ್ದು ಅಪ್‌ಡೇಟ್ ಆದ ಮರುದಿನ ನಿಂತರೆ ತಾಳ್ಮೆಯಿರಲಿ, ಮುಂದಿನ ಪ್ಯಾಚ್ ಬರುವವರೆಗೆ ಕಾಯಿರಿ.

ಮೂರನೆಯದು, ಆವೃತ್ತಿಯ ಮಿತಿ: ಸಾಲು ಸಾಲದಾದಾಗ, 32-ಬಿಟ್ ಎಕ್ಸೆಲ್‌ಗೆ ಮೆಮೊರಿ ಸಾಲದಾದಾಗ, ಅಥವಾ ಪ್ಯಾಚ್ ಬರುವುದೇ ನಿಂತಾಗ. ಆಫೀಸ್ 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದಿದೆ. 1999ರ ಮೆಲಿಸ್ಸಾ ವೈರಸ್ ಹಬ್ಬಿದ್ದು ವರ್ಡ್ ಮ್ಯಾಕ್ರೊದ ಮೂಲಕವೇ. ಹಾಗಿರುವಾಗ ಭದ್ರತಾ ಪ್ಯಾಚ್ ಇಲ್ಲದ ಆವೃತ್ತಿಯಲ್ಲಿ ಮ್ಯಾಕ್ರೊ ಓಡಿಸುವುದು ಅಪಾಯ. ಅಲ್ಲಿ ಹೊಸ ಆವೃತ್ತಿಗೆ ಹೋಗಲೇಬೇಕು.

ಆದರೆ ಹೋಗುವುದಕ್ಕೂ ಬೆಲೆಯಿದೆ. 2007ರ ಆವೃತ್ತಿ ಫೈಲ್ ಹುಡುಕುವ 'ಫೈಲ್‌ಸರ್ಚ್' ಸೌಲಭ್ಯವನ್ನೇ ತೆಗೆದುಹಾಕಿತು. ಅದನ್ನು ನೆಚ್ಚಿದ್ದ ಮ್ಯಾಕ್ರೊಗಳು ಕೆಟ್ಟವು. 64-ಬಿಟ್ ಆಫೀಸ್‌ನಲ್ಲಿ ವಿಂಡೋಸನ್ನು ನೇರ ಕರೆಯುವ 'ಡಿಕ್ಲೇರ್' ಸಾಲುಗಳಿಗೆ 'ಪಿಟಿಆರ್‌ಸೇಫ್' ಸೇರಿಸದಿದ್ದರೆ ಮ್ಯಾಕ್ರೊ ಕಂಪೈಲ್ ಆಗುವುದೇ ಇಲ್ಲ.

ಆದ್ದರಿಂದ ಹೊಸ ಆವೃತ್ತಿಯನ್ನು ಮೊದಲು ಒಂದೇ ಕಂಪ್ಯೂಟರ್‌ಗೆ ಹಾಕಿ. ಫೈಲ್‌ನ ಪ್ರತಿ ತೆಗೆದು, ವಿಬಿಎ ಎಡಿಟರ್‌ನ ಡೀಬಗ್ ಮೆನುವಿನಿಂದ ಕಂಪೈಲ್ ಮಾಡಿ. ಹೋದ ತಿಂಗಳ ಲೆಕ್ಕವನ್ನು ಹಳೆಯ, ಹೊಸ ಆವೃತ್ತಿ ಎರಡರಲ್ಲೂ ಓಡಿಸಿ, ಮೊತ್ತವನ್ನಷ್ಟೇ ಅಲ್ಲ, ಸಾಲುಗಳ ಸಂಖ್ಯೆಯನ್ನೂ ತಾಳೆ ನೋಡಿ. ದೋಷದ ಸಂದೇಶ ತೋರಿಸಿ ನಿಲ್ಲುವ ಮ್ಯಾಕ್ರೊವನ್ನು ಯಾರಾದರೂ ರಿಪೇರಿ ಮಾಡುತ್ತಾರೆ. ಏನೂ ಹೇಳದೆ ಸಾಲು ನುಂಗುವ ಮ್ಯಾಕ್ರೊವನ್ನು ಹಿಡಿಯಲು ಈ ತಾಳೆಯೇ ಬೇಕು.