ಬೆಳಕನ್ನು ಅಳಿಸದೆ ಅರಿತ ಆಚಾರ್ಯ ಸರ್ಜ್ ಅರೋಶ್

ಇಂದ್ರಿಯಕ್ಕೂ ವಿಷಯಕ್ಕೂ ಸನ್ನಿಕರ್ಷವಾದಲ್ಲಿ ಪ್ರತ್ಯಕ್ಷಜ್ಞಾನವು ಹುಟ್ಟುವುದೆಂದು ನೈಯಾಯಿಕರು ಹೇಳುವರು. ನೋಡಿದ ಮಾತ್ರಕ್ಕೆ ಘಟಕ್ಕೆ ಹಾನಿಯಿಲ್ಲ. ಅದು ಘಟವಾಗಿಯೇ ಉಳಿಯುವುದು. ಬೆಳಕಿನ ಕಣವಾದ ಫೋಟಾನಿನ ವಿಷಯವು ಹಾಗಲ್ಲ. ಕಣ್ಣಾಗಲಿ ಯಂತ್ರವಾಗಲಿ ಗ್ರಹಿಸಿದೊಡನೆ ಅದು ಸಾಮಾನ್ಯವಾಗಿ ಹೀರಲ್ಪಟ್ಟು ನಾಶವಾಗುವುದು. ಅಳಿಸದೆ ಅರಿಯುವ ಉಪಾಯವುಂಟೇ ಎಂಬ ಪ್ರಶ್ನೆಗೆ ಉತ್ತರವನ್ನು ಸಾಧಿಸಿದವರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಸರ್ಜ್ ಅರೋಶರು ಅಗ್ರಗಣ್ಯರು.

ಅರೋಶರು 1944ರಲ್ಲಿ ಮೊರಾಕ್ಕೋ ದೇಶದ ಕಾಸಾಬ್ಲಾಂಕಾ ನಗರದಲ್ಲಿ ಜನಿಸಿದರು; 1956ರಲ್ಲಿ ಕುಟುಂಬವು ಫ್ರಾನ್ಸಿಗೆ ಬಂದಿತು. ಪ್ಯಾರಿಸಿನ ಎಕೋಲ್ ನಾರ್ಮಾಲ್ ಸುಪೀರಿಯರ್ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಕ್ಲೋಡ್ ಕೋಹೆನ್-ತಾನುಜಿಯವರ ಶಿಷ್ಯರಾಗಿ 1971ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಅನಂತರ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆರ್ಥರ್ ಶಾಲೋ ಅವರ ಬಳಿ ಲೇಸರ್ ವಿದ್ಯೆಯಲ್ಲಿ ಪರಿಶ್ರಮಿಸಿ ಸ್ವದೇಶಕ್ಕೆ ಮರಳಿದರು. 2001ರಲ್ಲಿ ಕೊಲೇಜ್ ದ ಫ್ರಾನ್ಸಿನ ಆಚಾರ್ಯಪೀಠವು ಅವರಿಗೆ ಲಭಿಸಿತು.

ಅವರ ಪ್ರಯೋಗದ ಕ್ರಮವು ಹೀಗಿದೆ. ನಿಯೋಬಿಯಮ್ ಲೇಪಿಸಿದ ಎರಡು ಕನ್ನಡಿಗಳು 2.7 ಸೆಂಟಿಮೀಟರ್ ಅಂತರದಲ್ಲಿ ಎದುರುಬದುರಾಗಿ ನಿಂತಿರುವುವು. ಇವುಗಳ ಶೈತ್ಯವು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯಷ್ಟೂ ಮೇಲಿಲ್ಲ. ಇವುಗಳ ನಡುವೆ ಸೆರೆಸಿಕ್ಕ ಸೂಕ್ಷ್ಮತರಂಗದ ಫೋಟಾನು ಅತ್ತಿತ್ತ ಪ್ರತಿಫಲಿಸುತ್ತ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬಾಳುವುದು. ಅಷ್ಟರಲ್ಲಿ ಅದು ಕ್ರಮಿಸುವ ದಾರಿಯು ಸುಮಾರು 40,000 ಕಿಲೋಮೀಟರ್, ಎಂದರೆ ಭೂಮಂಡಲದ ಒಂದು ಸುತ್ತು. ಸಹಜಗಾತ್ರದ ಸುಮಾರು 1,000 ಪಟ್ಟು ಹಿಗ್ಗಿಸಿದ ರುಬಿಡಿಯಮ್ ಪರಮಾಣುಗಳನ್ನು ಒಂದೊಂದಾಗಿ ಈ ಎಡೆಯೊಳಗೆ ಹಾಯಿಸುವರು. ಆವರ್ತನವು ಹೊಂದದಿರುವುದರಿಂದ ಪರಮಾಣುವು ಫೋಟಾನನ್ನು ಹೀರಲಾರದು. ಆದರೆ ಗಡಿಯಾರದ ಮುಳ್ಳು ಸರಿದಂತೆ ಅದರ ಆಂತರಿಕ ಸ್ಥಿತಿಯು ಕೊಂಚ ಸರಿಯುವುದು. ಹೊರಬಂದ ಪರಮಾಣುವನ್ನು ಪರೀಕ್ಷಿಸಿದರೆ ಒಳಗೆ ಫೋಟಾನುಂಟೋ ಇಲ್ಲವೋ ತಿಳಿಯುವುದು. ಪರೀಕ್ಷೆಯಲ್ಲಿ ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ದೂತನಾದ ಪರಮಾಣುವೇ, ಫೋಟಾನು ಉಳಿಯುವುದು. 2007ರಲ್ಲಿ ಇದು ಸಿದ್ಧಿಸಿತು. ಶಾಸ್ತ್ರಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಹೊಗೆಯಿಂದ ಬೆಂಕಿಯನ್ನು ತಿಳಿವಂತಹ ಅನುಮಾನ.

ಆದರೆ ಈ ಜ್ಞಾನಕ್ಕೂ ಬೆಲೆಯುಂಟು. ಫೋಟಾನುಗಳ ಸಂಖ್ಯೆಯು ನಿಶ್ಚಿತವಾದಷ್ಟೂ ಆ ತರಂಗದ ಕಲೆಯು ಅನಿಶ್ಚಿತವಾಗುವುದು. ಪ್ರಕೃತಿಯ ಈ ನಿಯಮವನ್ನು ಮೀರುವ ಯುಕ್ತಿಯಿಲ್ಲ.

ಅರಿವಿನ ಹಿಂದೆಯೇ ನಿಯಂತ್ರಣವು ಬಂದಿತು. 2011ರಲ್ಲಿ, ಸಂಖ್ಯೆಯು ವ್ಯತ್ಯಾಸವಾದುದನ್ನು ಪರಮಾಣುಗಳಿಂದ ತಿಳಿದು ಒಡನೆಯೇ ಸರಿಪಡಿಸಿ, ಇಷ್ಟವಾದ ಸಂಖ್ಯೆಯನ್ನು ಕಾಪಾಡಿದರು. 2012ರಲ್ಲಿ ಡೇವಿಡ್ ವೈನ್‌ಲ್ಯಾಂಡರೊಡನೆ ಅರೋಶರಿಗೆ ನೊಬೆಲ್ ಪಾರಿತೋಷಿಕವು ದೊರೆಯಿತು. 2016ರಲ್ಲಿ ಅವರ ತಂಡವು ಇಂತಹ ಹಿಗ್ಗಿದ ಪರಮಾಣುವನ್ನೇ ಅತಿಕ್ಷೀಣವಾದ ವಿದ್ಯುತ್‌ಕ್ಷೇತ್ರವನ್ನು ಅಳೆಯುವ ಸಾಧನವನ್ನಾಗಿ ಮಾಡಿತು. ಸ್ವಲ್ಪ ಸೋಂಕಿಗೇ ಕದಲುವ ವಸ್ತುವು ದುರ್ಬಲವೆಂದು ಲೋಕವು ಎಣಿಸುವುದು. ಆ ಕದಲಿಕೆಯೇ ಇಲ್ಲಿ ಉತ್ತಮವಾದ ಮಾನದಂಡವಾಯಿತು.