ಹಿತ್ತಿಲ ಟೊಮೇಟೊ, ಮನೆಯ ಗೊಜ್ಜು

‘ಹಿತ್ತಿಲ ಗಿಡ ಮದ್ದಲ್ಲ’ ಎಂದು ಗಾದೆ ಹೇಳುತ್ತದೆ. ಆದರೆ ಹಿತ್ತಿಲ ಗಿಡದ ಹಣ್ಣು ರುಚಿಯಲ್ಲವೆಂದು ಯಾವ ಗಾದೆಯೂ ಹೇಳಿಲ್ಲ. ಯಲಹಂಕ ಉಪನಗರದ ಮನೆಗಳ ಹಿಂದಿನ ಅಂಗೈಯಗಲದ ನೆಲದಲ್ಲಾಗಲಿ, ರವೀಂದ್ರನಾಥ ಠಾಗೋರ್ ನಗರದ ಮಾಳಿಗೆಯ ಮೇಲಣ ಕುಂಡಗಳಲ್ಲಾಗಲಿ, ನಾಲ್ಕೇ ನಾಲ್ಕು ಟೊಮೇಟೊ ಗಿಡಗಳಿದ್ದರೆ ಸಾಕು. ನಾಟಿಮಾಡಿದ ಮೇಲೆ ಎರಡು ತಿಂಗಳ ಕಾಲ ಮನೆಯವರ ತಾಳ್ಮೆಯನ್ನು ಪರೀಕ್ಷಿಸುವ ಗಿಡ, ಕೊಡಲು ತೊಡಗಿತೆಂದರೆ ಕೈತುಂಬ ಕೊಡುತ್ತದೆ. ಸಾರಿಗೆ ನಾಲ್ಕು, ಕೋಸಂಬರಿಗೆ ಎರಡು, ನೆರೆಮನೆಗೆ ಆರು. ಇಷ್ಟಾದ ಮೇಲೂ ಬುಟ್ಟಿಯಲ್ಲಿ ಹಣ್ಣು ಉಳಿದೇ ಇರುತ್ತದೆ. ಗೃಹಿಣಿಯ ಈ ಚಿಂತೆಗೆ ಕನ್ನಡದ ಅಡುಗೆಮನೆ ಕಂಡುಕೊಂಡ ಉತ್ತರವೇ ಗೊಜ್ಜು.

ಈ ಗೊಜ್ಜಿನ ಎರಡು ಮುಖ್ಯ ಪದಾರ್ಥಗಳೂ ಹೊರನಾಡಿನಿಂದ ಬಂದವು. ಟೊಮೇಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಸಸ್ಯಗಳು. ಬದನೆಯ ಕುಲಕ್ಕೆ ಸೇರಿದ ದಾಯಾದಿಗಳು. ‘ಟೊಮೇಟೊ’ ಎಂಬ ಹೆಸರೂ ‘ಚಿಲಿ’ ಎಂಬ ಹೆಸರೂ ಮೆಕ್ಸಿಕೋದ ನಾವಾಟ್ಲ್ ಭಾಷೆಯಿಂದ ಹೊರಟವು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬಂದಿಳಿದ ಮೆಣಸಿನಕಾಯಿಗೆ ಕನ್ನಡಿಗರು ತಮ್ಮ ಕರಿಮೆಣಸಿನ ಹೆಸರನ್ನೇ ಕೊಟ್ಟರು. ಟೊಮೇಟೊವನ್ನು ಹಳ್ಳಿಗರು ಗೂದೆಹಣ್ಣೆಂದೂ ಚಪ್ಪರಬದನೆಯೆಂದೂ ಕರೆದರು. ಸಂಪ್ರದಾಯಸ್ಥರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಇವೆರಡಕ್ಕೂ ಪ್ರವೇಶವಿಲ್ಲ. ಉಳಿದ ದಿನಗಳಲ್ಲಾದರೋ ಇವಿಲ್ಲದೆ ಒಲೆ ಹೊತ್ತುವುದೇ ಅಪರೂಪ!

ಉತ್ತರ ಬೆಂಗಳೂರಿನವರಿಗೆ ಈ ಹಣ್ಣಿನೊಡನೆ ಇನ್ನೊಂದು ನಂಟೂ ಉಂಟು. ಯಲಹಂಕಕ್ಕೆ ಪಶ್ಚಿಮದಲ್ಲಿರುವ ಹೆಸರಘಟ್ಟದಲ್ಲಿ 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಹೆಸರಘಟ್ಟದ ಕೆರೆಯನ್ನು ತುಂಬುವ ಅರ್ಕಾವತಿ ನದಿಯ ಹೆಸರನ್ನೇ ಸಂಸ್ಥೆ ತನ್ನ ತಳಿಗಳಿಗೆ ಇಟ್ಟಿತು. ಅಮೆರಿಕದ ತಳಿಯೊಂದರಿಂದ ಆಯ್ದು ಬೆಳೆಸಿದ ‘ಅರ್ಕಾ ವಿಕಾಸ್’, ಗಟ್ಟಿ ತಿರುಳಿನ ‘ಅರ್ಕಾ ಸೌರಭ್’, ಎಲೆಮುರುಟು, ಸೊರಗು ಮತ್ತು ಅಂಗಮಾರಿ ಎಂಬ ಮೂರು ರೋಗಗಳನ್ನು ತಡೆಯಬಲ್ಲ ‘ಅರ್ಕಾ ರಕ್ಷಕ್’ ಇವೆಲ್ಲ ಅಲ್ಲಿನವೇ. ಹಿಂದೊಮ್ಮೆ ನಗರಕ್ಕೆ ಕುಡಿಯುವ ನೀರನ್ನು ಕೊಟ್ಟ ನದಿ, ಈಗ ಹಿತ್ತಿಲ ಗಿಡಕ್ಕೆ ಹೆಸರನ್ನು ಕೊಟ್ಟಿದೆ.

ಪೇಟೆಯ ಹಣ್ಣಿಗೂ ಹಿತ್ತಿಲ ಹಣ್ಣಿಗೂ ಇರುವ ಭೇದವೇನು? ಕೋಲಾರದ ಮಾರುಕಟ್ಟೆಯಿಂದ ದೂರದ ಊರುಗಳಿಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣನ್ನು ಬಣ್ಣ ತಿರುಗುವ ಮೊದಲೇ ಕೀಳಬೇಕಾಗುತ್ತದೆ. ಅದು ದಾರಿಯಲ್ಲಿ ಕೆಂಪಾಗುತ್ತದೆ. ಹಿತ್ತಿಲ ಹಣ್ಣಾದರೋ ಗಿಡದಲ್ಲಿಯೇ ಬಿಸಿಲುಂಡು ಮಾಗುತ್ತದೆ. ಅದನ್ನು ಕಿತ್ತು ತಂಗಳು ಪೆಟ್ಟಿಗೆಯಲ್ಲಿಡುವುದು ಮಾತ್ರ ತಪ್ಪು. ಬಹುಕಾಲ ತಣ್ಣಗಿಟ್ಟ ಹಣ್ಣಿನಲ್ಲಿ ಪರಿಮಳವನ್ನು ಹುಟ್ಟಿಸುವ ಕ್ರಿಯೆಯೇ ಕುಂದುತ್ತದೆಂದು ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ಮಾಗಿದ ಹಣ್ಣು ಕಾಯುವುದಿಲ್ಲ. ಒಲೆಯೇ ಅದಕ್ಕೆ ಸರಿಯಾದ ಜಾಗ.

ಒಂದು ಕಿಲೋ ಹಣ್ಣಿಗೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಗುಂಟೂರು ಮೆಣಸಿನಕಾಯಿ ಸಾಕು. ಮೊದಲನೆಯದು ಬಣ್ಣಕ್ಕೆ, ಎರಡನೆಯದು ಖಾರಕ್ಕೆ. ಇವನ್ನು ತೊಟ್ಟು ಎಣ್ಣೆಯಲ್ಲಿ ಹುರಿದು, ಅರ್ಧ ಚಮಚ ಹುರಿದ ಮೆಂತ್ಯದೊಡನೆ ಪುಡಿಮಾಡಿಕೊಳ್ಳಬೇಕು. ಕಾಲು ಬಟ್ಟಲು ಎಳ್ಳೆಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಇಂಗು, ಅರಿಸಿನ, ಕರಿಬೇವು ಹಾಕಿ, ಹೆಚ್ಚಿದ ಹಣ್ಣನ್ನೂ ಉಪ್ಪನ್ನೂ ಸೇರಿಸಬೇಕು. ಹುಳಿ ಲೋಹವನ್ನು ತಿನ್ನುವುದರಿಂದ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆ ಸಲ್ಲದು. ಸ್ಟೀಲಿನದಾಗಲಿ, ಅಜ್ಜಿಯ ಕಾಲದ ಬಳಪದ ಕಲ್ಲಿನ ಮರಿಗೆಯಾಗಲಿ ಉತ್ತಮ.

ಮುಂದಿನದೆಲ್ಲ ತಾಳ್ಮೆಯ ಕೆಲಸ. ಟೊಮೇಟೊದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ. ಮುಚ್ಚಳವಿಡದೆ, ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಮುಕ್ಕಾಲು ಗಂಟೆ ಕೈಯಾಡಿಸುತ್ತಿದ್ದರೆ ಆ ನೀರು ಹಿಂಗಿ ಸಾರ ಉಳಿಯುತ್ತದೆ. ಕೊನೆಯ ಹತ್ತು ನಿಮಿಷಗಳಲ್ಲಿ ಪುಡಿಯನ್ನೂ ನಿಂಬೆಗಾತ್ರದ ಬೆಲ್ಲವನ್ನೂ ಬೆರೆಸಬೇಕು. ಸೌಟು ಎಳೆದ ಗೆರೆ ಕೂಡಿಕೊಳ್ಳದೆ ನಿಂತು, ಅಂಚಿನಲ್ಲಿ ಎಣ್ಣೆ ಬಿಟ್ಟರೆ ಪಾಕ ಸಿದ್ಧ. ಆರಿದ ಮೇಲೆ ಒಣಗಿದ ಗಾಜಿನ ಭರಣಿಗೆ ತುಂಬಿ, ಈಗ ತಂಗಳು ಪೆಟ್ಟಿಗೆಯಲ್ಲಿಟ್ಟು, ಒದ್ದೆ ಚಮಚ ಸೋಕಿಸದಿದ್ದರೆ ಎರಡು ವಾರ ಚಪಾತಿಗೂ ಅಕ್ಕಿರೊಟ್ಟಿಗೂ ಬಿಸಿ ಅನ್ನಕ್ಕೂ ಒದಗುತ್ತದೆ. ಬೂಷ್ಟು ಕಂಡರೆ ಮಾತ್ರ ಮೇಲಿನದನ್ನಷ್ಟೇ ತೆಗೆಯದೆ ಇಡೀ ಭರಣಿಯನ್ನು ಬರಿದುಮಾಡುವುದೇ ವಿವೇಕ.

ಈ ಭರಣಿ ಬರಿಯ ನಾಲಗೆಯ ಚಪಲವಲ್ಲ. 2023ರ ಜುಲೈಯಲ್ಲಿ ಟೊಮೇಟೊ ಬೆಲೆ ಕಿಲೋಗೆ ನೂರು ರೂಪಾಯಿಗಳನ್ನು ಮೀರಿ, ಸಾರಿಗೆ ಅರ್ಧ ಹಣ್ಣು ಹಾಕುವ ದಿನಗಳನ್ನು ಮನೆಗಳು ಕಂಡವು. ಮತ್ತೆ ಕೆಲವು ಸುಗ್ಗಿಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಹಿತ್ತಿಲ ಗಿಡ ಹತ್ತು ದಿನಗಳಲ್ಲಿ ಬುಟ್ಟಿ ತುಂಬಿಸಿ ಗೃಹಿಣಿಯನ್ನು ಕಂಗೆಡಿಸುವಂತೆಯೇ, ಒಕ್ಕಲಿಗನ ಹೊಲವೂ ಒಮ್ಮೆಲೇ ಮಾಗಿ ಅವನನ್ನು ಕಂಗೆಡಿಸುತ್ತದೆ. ಅಗ್ಗದ ದಿನಗಳಲ್ಲಿ ಎರಡು ಕಿಲೋ ಹೆಚ್ಚಾಗಿ ಕೊಂಡು ಗೊಜ್ಜು ಮಾಡಿಡುವ ಮನೆ, ತನ್ನ ಖರ್ಚನ್ನು ಉಳಿಸಿಕೊಳ್ಳುವುದಲ್ಲದೆ ಅವನ ಬುಟ್ಟಿಯನ್ನೂ ಅಷ್ಟರಮಟ್ಟಿಗೆ ಹಗುರಮಾಡುತ್ತದೆ.

ನಾಲ್ಕು ಗಿಡಗಳಿಗೆ ಕೋಲು ಕೊಟ್ಟು, ನೀರೆರೆದು, ಬಿಳಿನೊಣದ ಕಾಟವನ್ನು ಕಂಡವರು ಮಾರನೆಯ ವಾರ ತರಕಾರಿಯ ಗಾಡಿಯ ಮುಂದೆ ನಿಂತಾಗ, ಚೌಕಾಸಿಗೆ ಹೊರಟ ನಾಲಗೆ ಒಂದು ಕ್ಷಣ ತಡೆಯುತ್ತದೆ. ಹಿತ್ತಿಲ ಗಿಡ ಕೊಡುವ ಮದ್ದು ಪ್ರಾಯಶಃ ಅದೇ.